ಹೊಟ್ಟೆ ಆರಾಮಿದ್ದಾಗಲೇ ಹೋಗಬೇಕಾದ ಪರೀಕ್ಷೆ

ಉತ್ತರ ಕನ್ನಡದಲ್ಲಿ ದೊಡ್ಡ ಆಸ್ಪತ್ರೆಯ ಮಾತು ಜೋರಾಗುವುದು ಯಾವುದಾದರೂ ಅವಘಡ ಆದ ಮೇಲೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ತೀರಿಕೊಂಡರು. ಆ ದಿನಗಳಲ್ಲಿ ಜಿಲ್ಲೆಗೆ ಜಿಲ್ಲೆಯೇ ಮೊಬೈಲ್ ಹಿಡಿದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಕೇಳಿತು. ಕೇಳಿದ್ದು ಸರಿಯೇ. ಆದರೆ ಈ ಚರ್ಚೆಯಲ್ಲಿ ಕಾಣುವ ರೋಗಿ ಯಾವಾಗಲೂ ಆಂಬುಲೆನ್ಸಿನಲ್ಲಿ ಮಲಗಿದವನು. ಹೃದಯಾಘಾತ, ತಲೆಗೆ ಪೆಟ್ಟು, ಹೆರಿಗೆಯ ತೊಂದರೆ. ಆಂಬುಲೆನ್ಸ್ ಬೇಡದ, ಬಸ್ಸು ಹತ್ತಿ ತಾನೇ ಹೋಗಬೇಕಾದ, ಹೋಗದೆ ಮನೆಯಲ್ಲೇ ಉಳಿದುಬಿಡುವ ರೋಗಿಯ ಸುದ್ದಿ ಯಾರೂ ಎತ್ತುವುದಿಲ್ಲ.

ಅಂಥವರಲ್ಲಿ ಅಲ್ಸರೇಟಿವ್ ಕೊಲೈಟಿಸ್ ಇರುವವರೂ ಸೇರುತ್ತಾರೆ. ದೊಡ್ಡ ಕರುಳಿನ ಒಳಪದರ ಕೆಂಪಾಗಿ ಊದಿಕೊಂಡು ಹುಣ್ಣಾಗುವ, ವರ್ಷಗಟ್ಟಲೆ ಬಂದು ಹೋಗಿ ಮಾಡುವ ಕಾಯಿಲೆ ಇದು. ಗುದನಾಳದಲ್ಲಿ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಕೆಲವರಿಗೆ ಗುದನಾಳದಲ್ಲೇ ನಿಲ್ಲುತ್ತದೆ, ಕೆಲವರಿಗೆ ಎಡಭಾಗದವರೆಗೆ ಏರುತ್ತದೆ, ಇನ್ನು ಕೆಲವರಿಗೆ ಇಡೀ ದೊಡ್ಡ ಕರುಳನ್ನೇ ಹಿಡಿಯುತ್ತದೆ. ರಕ್ತ, ಲೋಳೆ ಬೆರೆತ ಭೇದಿ, ಪದೇ ಪದೇ ಅವಸರ, ಸುಸ್ತು. ಔಷಧಿಯಿಂದ ಹತೋಟಿಗೆ ಬರುತ್ತದೆ. ಹತೋಟಿಗೆ ಬಂದವರು ತೋಟ, ಅಂಗಡಿ, ಬೋಟು, ಶಾಲೆ ಎಂದು ತಮ್ಮ ಪಾಡಿಗೆ ತಾವಿರುತ್ತಾರೆ. ಇವರಲ್ಲಿ ಸ್ವಲ್ಪ ಜನರಿಗೆ, ವರ್ಷಗಳು ಕಳೆದಂತೆ, ಆ ಒಳಪದರದಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಶುರುವಾಗಬಹುದು. ಡಾಕ್ಟರು ಇದಕ್ಕೆ ಡಿಸ್‌ಪ್ಲೇಸಿಯಾ ಅನ್ನುತ್ತಾರೆ. ಇದರಿಂದ ನೋವು ಬರುವುದಿಲ್ಲ, ಹೊಟ್ಟೆಯೂ ಕೆಡುವುದಿಲ್ಲ. ಈ ಹಂತದಲ್ಲಿ ಸಿಕ್ಕರೆ ಕ್ಯಾನ್ಸರ್ ಆಗುವ ಮೊದಲೇ ತೆಗೆದುಹಾಕಬಹುದು. ಸಿಗಬೇಕಾದರೆ ಮಾತ್ರ ಆರಾಮಿದ್ದ ಮನುಷ್ಯ ಆಸ್ಪತ್ರೆಗೆ ಹೋಗಿ ಕೊಲೊನೊಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾದ ಕೊಳವೆ ತೂರಿಸಿ ದೊಡ್ಡ ಕರುಳು ನೋಡುವ ಪರೀಕ್ಷೆ, ಮಾಡಿಸಿಕೊಳ್ಳಬೇಕು.

"ಈಗ ಆರಾಮಿದ್ದೇನಲ್ಲ, ಎಂತಕ್ಕೆ ಹೋಗಬೇಕು?" ನಮ್ಮ ಕಡೆ ಕೇಳುವ ಪ್ರಶ್ನೆ ಇದು. ಕೇಳುವವರ ತಪ್ಪೇನಿಲ್ಲ. ಉತ್ತರ ಹೇಳಿ ದಿನ ನೆನಪಿಸುವವರು ಇಲ್ಲದಿರುವುದೇ ತೊಂದರೆ. ಜಿಲ್ಲೆಗೆ ದೊಡ್ಡ ಕಟ್ಟಡ, ದೊಡ್ಡ ಯಂತ್ರ ಬರುವುದಕ್ಕೆ ಮುಂಚೆಯೇ ಈ ರೋಗಿಗಳಿಗೆ ಮಾಡಿಕೊಡಬಹುದಾದ ಕೆಲಸವೊಂದಿದೆ. ಅದು ಇವರ ಹೆಸರು, ಮುಂದಿನ ಪರೀಕ್ಷೆಯ ದಿನ ಬರೆದ ಒಂದು ಪಟ್ಟಿ ಇಡುವ ಕೆಲಸ. ಯಾಕೆ ಎಂದು ಹೇಳಬೇಕಾದರೆ ಮೊದಲು ಈ ಬದಲಾವಣೆ ಎಷ್ಟು ಅಡಗಿಕೊಂಡಿರುತ್ತದೆ ಎಂದು ನೋಡಬೇಕು.

ಎಂಟು ವರ್ಷ ಎಲ್ಲಿಂದ ಎಣಿಸುವುದು

ಯುರೋಪಿನ, ಬ್ರಿಟನ್ನಿನ ಮಾರ್ಗಸೂಚಿಗಳು ಹೇಳುವುದು ಇಷ್ಟು: ಕಾಯಿಲೆಯ ಲಕ್ಷಣ ಶುರುವಾಗಿ 8 ವರ್ಷ ಆಗುವ ಹೊತ್ತಿಗೆ ಎಲ್ಲರಿಗೂ ಒಮ್ಮೆ ಪೂರ್ತಿ ಕೊಲೊನೊಸ್ಕೋಪಿ ಆಗಬೇಕು. ಕಾಯಿಲೆ ಎಲ್ಲಿಯವರೆಗೆ ಹಬ್ಬಿದೆ ಎಂದು ಆಗ ಗೊತ್ತಾಗುತ್ತದೆ. ಗುದನಾಳ ದಾಟದೆ ಅಲ್ಲೇ ಉಳಿದಿದ್ದರೆ ಅಂಥವರಿಗೆ ಮುಂದೆ ಈ ಉದ್ದೇಶಕ್ಕೆ ಪದೇ ಪದೇ ಪರೀಕ್ಷೆ ಬೇಕಾಗಿಲ್ಲ. ಉಳಿದವರಿಗೆ ಅಪಾಯ ನೋಡಿಕೊಂಡು ವರ್ಷಕ್ಕೊಮ್ಮೆ, ಎರಡು ಮೂರು ವರ್ಷಕ್ಕೊಮ್ಮೆ ಅಥವಾ ಐದು ವರ್ಷಕ್ಕೊಮ್ಮೆ.

ಲಕ್ಷಣ ಶುರುವಾದಲ್ಲಿಂದ ಎಂಟು ವರ್ಷ. ಕಾಯಿಲೆಗೆ ಹೆಸರು ಸಿಕ್ಕ ದಿನದಿಂದ ಎಣಿಸಿದರೆ ನಮ್ಮಲ್ಲಿ ಲೆಕ್ಕ ತಪ್ಪುತ್ತದೆ. ಯಾಕೆಂದರೆ ಮೊದಲ ಸಲ ರಕ್ತ ಕಂಡಾಗ ಇಲ್ಲಿ ಯಾರೂ ಕೊಲೈಟಿಸ್ ಎಂದು ಯೋಚಿಸುವುದಿಲ್ಲ. ಆಮಶಂಕೆ ಅನ್ನುತ್ತಾರೆ, ಇಲ್ಲವೇ ಮೂಲವ್ಯಾಧಿ. ಘಟ್ಟದ ಮೇಲಿನ ಮನೆಗಳಲ್ಲಿ ಕೊಡಸಿಗೆ ಚಕ್ಕೆಯ ಕಷಾಯ, ದಾಳಿಂಬೆ ಸಿಪ್ಪೆಯ ತಂಬುಳಿ. ಕೆಳಗೆ ಪೇಟೆಯಲ್ಲಿ ಮೆಡಿಕಲ್ ಶಾಪಿನಿಂದ ಮೆಟ್ರೋನಿಡಜೋಲ್ ಮಾತ್ರೆ. ಈ ಊಹೆ ದಡ್ಡತನವೇನಲ್ಲ. ಮಳೆಗಾಲದಲ್ಲಿ ನಿಜವಾದ ಆಮಶಂಕೆಯೇ ನಮ್ಮಲ್ಲಿ ಜಾಸ್ತಿ. ಅದು ವಾರದಲ್ಲಿ ವಾಸಿಯಾಗುತ್ತದೆ. ಕೊಲೈಟಿಸ್ ಕೂಡ ಒಮ್ಮೊಮ್ಮೆ ತಾನಾಗಿಯೇ ತಗ್ಗುತ್ತದೆ, ಕಷಾಯಕ್ಕೆ ಹೆಸರು ಬರುತ್ತದೆ, ಆರು ತಿಂಗಳಿಗೆ ಮತ್ತೆ ಕೆರಳುತ್ತದೆ. ಹೀಗೇ ಎರಡು ಮೂರು ವರ್ಷ ಕಳೆದ ಮೇಲೆ ಯಾರೋ ಕೊಲೊನೊಸ್ಕೋಪಿಗೆ ಬರೆದುಕೊಡುತ್ತಾರೆ. ಫೈಲಿನಲ್ಲಿ ಕಾಯಿಲೆ ಹುಟ್ಟಿದ್ದು ಆವತ್ತು. ಕರುಳಿನ ಲೆಕ್ಕದಲ್ಲಿ ಅಷ್ಟು ಹೊತ್ತಿಗೆ ಮೂರು ವರ್ಷ ಸಂದಿರುತ್ತದೆ. ಹಾಗಾಗಿ ಡಾಕ್ಟರು "ಯಾವಾಗಿಂದ?" ಎಂದು ಕೇಳಿದಾಗ ಮೊದಲು ರಕ್ತ ಕಂಡ ವರ್ಷವನ್ನೇ ಹೇಳಬೇಕು.

ಎಂಟು ವರ್ಷ ಕಾಯುವ ಈ ನಿಯಮ ಒಂದು ಗುಂಪಿಗೆ ಅನ್ವಯಿಸುವುದಿಲ್ಲ. ಪಿತ್ತನಾಳಗಳು ಊದಿಕೊಂಡು ಕಿರಿದಾಗುವ ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್, ಅಂದರೆ ಪಿಎಸ್‌ಸಿ, ಜೊತೆಗಿದ್ದರೆ ಅದು ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ನೋಡಬೇಕು. ಬರೀ ಕೊಲೈಟಿಸ್ ಇರುವವರಿಗಿಂತ ಇವರಿಗೆ ಕರುಳಿನ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಜಾಸ್ತಿ. ವಿಚಿತ್ರ ಅಂದರೆ ಇವರ ಕರುಳು ಹೊರನೋಟಕ್ಕೆ ತೀರಾ ಶಾಂತವಾಗಿರುತ್ತದೆ. ಭೇದಿ ಕಡಿಮೆ, ದೂರು ಕಡಿಮೆ. ಲಿವರ್ ಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಅಂಶ ಏರಿದ್ದು ಕಂಡಾಗಲೇ ಅನುಮಾನ ಬರುವುದು.

ಹಾಗಾದರೆ ಒಟ್ಟು ಅಪಾಯ ಎಷ್ಟು? ಈಗಲೂ ಅಲ್ಲಲ್ಲಿ ಓಡಾಡುವ ಒಂದು ಅಂಕಿ ಇದೆ: 10 ವರ್ಷಕ್ಕೆ ಶೇ 2, 20 ವರ್ಷಕ್ಕೆ ಶೇ 8, 30 ವರ್ಷಕ್ಕೆ ಶೇ 18. ಇದು 2001ರಲ್ಲಿ ಬ್ರಿಟನ್ನಿನ ಈಡನ್ ಮತ್ತು ಸಂಗಡಿಗರು ಹಳೆಯ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಕೂಡಿಸಿ ತೆಗೆದ ಲೆಕ್ಕ. ದೊಡ್ಡ ಆಸ್ಪತ್ರೆಗಳಿಗೆ ಬರುವ ತೀವ್ರ ರೋಗಿಗಳೇ ಅದರಲ್ಲಿ ಜಾಸ್ತಿ. 2006ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆ ತಾನು 30 ವರ್ಷ ಕಾಲ ನೋಡಿಕೊಂಡ 600 ರೋಗಿಗಳ ಲೆಕ್ಕ ಕೊಟ್ಟಿತು: 20 ವರ್ಷಕ್ಕೆ ಶೇ 2.5, 30 ವರ್ಷಕ್ಕೆ ಶೇ 7.6. ಆಮೇಲಿನ ಅಧ್ಯಯನಗಳು ಇನ್ನೂ ಕಡಿಮೆ ತೋರಿಸಿವೆ. ಔಷಧಿ ಸುಧಾರಿಸಿದೆ, ನಿಗಾ ಸುಧಾರಿಸಿದೆ. ಶೇ 18 ಎಂದು ಓದಿ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಆದರೆ ಸರಾಸರಿ ಅಂಕಿ ಒಬ್ಬೊಬ್ಬರ ಪಾಡು ಹೇಳುವುದಿಲ್ಲ. ಕಾಯಿಲೆ ಇಡೀ ಕರುಳಿಗೆ ಹಬ್ಬಿದ್ದರೆ, ಉರಿಯೂತ ಸದಾ ಕುದಿಯುತ್ತಲೇ ಇದ್ದರೆ, ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ 50ರೊಳಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಕರುಳು ಎಲ್ಲಾದರೂ ಕಿರಿದಾಗಿದ್ದರೆ, ಹಿಂದೊಮ್ಮೆ ಡಿಸ್‌ಪ್ಲೇಸಿಯಾ ಸಿಕ್ಕಿದ್ದರೆ, ಅವರದು ಬೇರೆ ಸಾಲು. ಇದರಲ್ಲಿ ರೋಗಿಯ ಕೈಯಲ್ಲಿರುವುದು ಒಂದೇ, ಉರಿಯೂತ. ಅದನ್ನು ತಗ್ಗಿಸಿ ಇಟ್ಟಷ್ಟೂ ಅಪಾಯ ತಗ್ಗುತ್ತದೆ. ಆರಾಮಾಯಿತು ಎಂದು ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆ ಬಿಟ್ಟುಬಿಡುವವರು ಇದನ್ನು ಸ್ವಲ್ಪ ಗಮನಿಸಬೇಕು.

ಕಣ್ಣಿಗೆ ಬೀಳದ ಚಪ್ಪಟೆ ಕಲೆ

ಕರುಳಿನ ಮಾಮೂಲಿ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್‌ನಿಂದ ಶುರುವಾಗುತ್ತದೆ. ಪಾಲಿಪ್ ಅಂದರೆ ಸಣ್ಣ ಗಂಟು, ಮೇಲೆ ಎದ್ದು ನಿಂತಿರುತ್ತದೆ, ಕ್ಯಾಮೆರಾದಲ್ಲಿ ಕಾಣುತ್ತದೆ, ತಂತಿ ಹಾಕಿ ಕತ್ತರಿಸಬಹುದು. ಕೊಲೈಟಿಸ್‌ನಲ್ಲಿ ದಾರಿ ಬೇರೆ. ಒಳಪದರ ವರ್ಷಗಟ್ಟಲೆ ಸುಟ್ಟು, ಉದುರಿ, ಮತ್ತೆ ಬೆಳೆದು, ಮತ್ತೆ ಸುಡುತ್ತದೆ. ಪ್ರತಿ ಸಲ ಜೀವಕೋಶಗಳು ಅವಸರದಲ್ಲಿ ಒಡೆದು ಎರಡಾಗಬೇಕು. ಉರಿಯೂತದಿಂದ ಹುಟ್ಟುವ ರಾಸಾಯನಿಕಗಳು ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಕೆಟ್ಟ ಕೋಶ ಬೆಳೆಯದಂತೆ ತಡೆಯುವ ಪಿ53 ಜೀನ್ ಮಾಮೂಲಿ ಪಾಲಿಪ್‌ನಲ್ಲಿ ಕೊನೆಗೆಲ್ಲೋ ಕೈಕೊಡುತ್ತದೆ, ಕೊಲೈಟಿಸ್‌ನಲ್ಲಿ ಬಹಳ ಮೊದಲೇ ಕೈಕೊಡುತ್ತದೆ. ಒಂದೇ ಕಡೆ ಆಗಬೇಕೆಂದಿಲ್ಲ, ಕರುಳಿನ ನಾಲ್ಕಾರು ಕಡೆ ಒಟ್ಟಿಗೇ ಆಗಬಹುದು. ಎದ್ದು ನಿಲ್ಲದೆ ಚಪ್ಪಟೆಯಾಗಿ ಹರಡಿಕೊಂಡಿರಬಹುದು. ಸುತ್ತಲೂ ಹಳೆಯ ಹುಣ್ಣು ಮಾಗಿದ ಗುರುತು, ಅಲ್ಲಲ್ಲಿ ಹುಸಿ ಪಾಲಿಪ್‌ಗಳು. ವರದಿಯಲ್ಲಿ ಸೂಡೋಪಾಲಿಪ್ ಎಂದು ನೋಡಿ ಗಾಬರಿಯಾಗುವವರಿದ್ದಾರೆ. ಅವು ಕ್ಯಾನ್ಸರಿನ ಬೀಜವಲ್ಲ, ಹಳೆಯ ಉರಿಯೂತದ ಉಳಿಕೆ. ಆದರೆ ಅವುಗಳ ಸಂದಿಯಲ್ಲಿ ನಿಜವಾದ ಕಲೆ ಅಡಗಿದ್ದರೆ ಕಾಣುವುದು ಕಷ್ಟ.

ಕೊಲೈಟಿಸ್ ಇದ್ದವರಿಗೆ ಕ್ಯಾನ್ಸರ್ ಬಂದದ್ದನ್ನು ಕ್ರೋನ್ ಮತ್ತು ರೋಸೆನ್‌ಬರ್ಗ್ ಬರೆದದ್ದು 1925ರಲ್ಲಿ. ಕ್ಯಾನ್ಸರಿಗೆ ಮೊದಲೇ ಒಳಪದರ ಬದಲಾಗುತ್ತದೆ, ಗುದನಾಳದ ಚೂರು ತೆಗೆದು ನೋಡಿದರೆ ಸುಳಿವು ಸಿಗುತ್ತದೆ ಎಂದು ಸೇಂಟ್ ಮಾರ್ಕ್ಸ್‌ನ ಮಾರ್ಸನ್ ಮತ್ತು ಪಾಂಗ್ ತೋರಿಸಿದ್ದು 1967ರಲ್ಲಿ. ಉದ್ದನೆಯ ಕೊಲೊನೊಸ್ಕೋಪ್ ಬಂದ ಮೇಲೆ ಇಡೀ ಕರುಳು ನೋಡುವುದು ಸಾಧ್ಯವಾಯಿತು. ಆದರೆ ಆಗಿನ ಮಸುಕು ಚಿತ್ರದಲ್ಲಿ ಚಪ್ಪಟೆ ಕಲೆ ಕಾಣುತ್ತಿರಲಿಲ್ಲ. ಕಾಣುವುದಿಲ್ಲ ಎಂದಮೇಲೆ ಅಂದಾಜಿಗೆ ಚೂರು ಕೀಳುವುದು ಪದ್ಧತಿಯಾಯಿತು. ಪ್ರತಿ 10 ಸೆಂ.ಮೀ.ಗೆ ನಾಲ್ಕು ದಿಕ್ಕಿನಿಂದ ನಾಲ್ಕು ಚೂರು, ಒಟ್ಟು ಕನಿಷ್ಠ 33. ಒಂದೊಂದು ಚೂರು ಕೆಲವೇ ಮಿಲಿಮೀಟರ್. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. 33 ಚೂರು ಕಿತ್ತರೂ ಒಳಪದರದ ನೂರರಲ್ಲಿ ಒಂದು ಪಾಲನ್ನೂ ನೋಡಿದ ಹಾಗಾಗುವುದಿಲ್ಲ.

ಈ ಅಂದಾಜಿನ ಆಟವನ್ನು ಬದಲಿಸಿದ್ದು ನೀಲಿ ಬಣ್ಣ. 2003ರಲ್ಲಿ ಜರ್ಮನಿಯ ಮೈಂಜ್‌ನಲ್ಲಿ ಕೀಸ್ಲಿಚ್ ತಂಡ ಮೆಥಿಲೀನ್ ಬ್ಲೂ ಹಾಕಿ ನೋಡಿದಾಗ ಬಣ್ಣ ಹಾಕದ ಪರೀಕ್ಷೆಗಿಂತ ಹೆಚ್ಚು ಕಲೆಗಳು ಸಿಕ್ಕವು. ಮರುವರ್ಷ ಬ್ರಿಟನ್ನಿನಲ್ಲಿ ಇಂಡಿಗೋ ಕಾರ್ಮೈನ್ ಎಂಬ ಇನ್ನೊಂದು ನೀಲಿ ಬಣ್ಣದಿಂದಲೂ ಅದೇ ಆಯಿತು. ಮಾಡುವುದು ಸರಳ. ಕೊಲೊನೊಸ್ಕೋಪನ್ನು ಕರುಳಿನ ಕೊನೆಯವರೆಗೆ ತೂರಿಸುತ್ತಾರೆ. ಹಿಂದಕ್ಕೆ ಎಳೆಯುತ್ತಾ ತೆಳ್ಳಗೆ ಕಲಸಿದ ನೀಲಿ ನೀರನ್ನು ಒಳಗೋಡೆಗೆ ಚಿಮ್ಮಿಸುತ್ತಾರೆ. ಅರ್ಧ ನಿಮಿಷ, ಒಂದು ನಿಮಿಷ ಬಿಟ್ಟು ಹೆಚ್ಚಾದ ನೀರನ್ನು ಹೀರಿ ನೋಡುತ್ತಾರೆ. ಗಾರೆ ನೆಲ ಸಪಾಟಾಗಿದೆಯೋ ಇಲ್ಲವೋ ಎಂದು ಮೇಸ್ತ್ರಿ ಒಂದು ತಂಬಿಗೆ ನೀರು ಹೊಯ್ದು ನೋಡುತ್ತಾನಲ್ಲ, ಹಾಗೆಯೇ ಇದು. ಕಣ್ಣಿಗೆ ಕಾಣದ ತಗ್ಗಿನಲ್ಲಿ ನೀಲಿ ನಿಲ್ಲುತ್ತದೆ, ಸ್ವಲ್ಪ ಉಬ್ಬಿದ ಜಾಗ ಬೋಳಾಗಿ ಕಾಣುತ್ತದೆ. ಒಳ್ಳೆಯ ಒಳಪದರದಲ್ಲಿ ಸಣ್ಣ ಸಣ್ಣ ದುಂಡು ರಂಧ್ರಗಳು ಸಾಲಾಗಿರುತ್ತವೆ. ಕೆಟ್ಟ ಜಾಗದಲ್ಲಿ ಆ ಸಾಲು ಮುರಿದು, ರಂಧ್ರಗಳು ಉದ್ದಕ್ಕೆ, ಸೊಟ್ಟಕ್ಕೆ ಎಳೆದುಕೊಂಡಿರುತ್ತವೆ. ಅನುಮಾನ ಬಂದ ಅಲ್ಲಿಂದಲೇ ಚೂರು ತೆಗೆಯುತ್ತಾರೆ. (ಮೆಥಿಲೀನ್ ಬ್ಲೂ ಹಾಕಿಸಿಕೊಂಡವರಿಗೆ ಒಂದೆರಡು ದಿನ ಮೂತ್ರ ಹಸಿರು ನೀಲಿಯಾಗಿ ಹೋಗಬಹುದು. ಮೊದಲೇ ಹೇಳಿಬಿಟ್ಟರೆ ರಾತ್ರಿ ಹೊತ್ತು ಗಾಬರಿಯ ಫೋನ್ ತಪ್ಪುತ್ತದೆ.)

2015ರಲ್ಲಿ ಸೀನಿಕ್ ಎಂಬ ಅಂತರರಾಷ್ಟ್ರೀಯ ಒಮ್ಮತದ ಶಿಫಾರಸು ಬಣ್ಣದ ಪರೀಕ್ಷೆಯ ಪರವಾಗಿ ನಿಂತಿತು. ಆದರೆ ಅಷ್ಟರಲ್ಲಿ ಕ್ಯಾಮೆರಾಗಳೂ ಸುಧಾರಿಸಿದ್ದವು. ಹೈ ಡೆಫಿನಿಷನ್ ಸ್ಕೋಪ್ ಇದ್ದಾಗಲೂ ಬಣ್ಣ ಬೇಕೇ ಎಂಬುದು ಈಗಿನ ಜಗಳ. ಸ್ವೀಡನ್ನಿನಲ್ಲಿ 305 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಣ್ಣ ಹಾಕಿದವರಲ್ಲಿ ಶೇ 11ರಷ್ಟು ಮಂದಿಗೆ, ಹಾಕದವರಲ್ಲಿ ಶೇ 6ರಷ್ಟು ಮಂದಿಗೆ ಡಿಸ್‌ಪ್ಲೇಸಿಯಾ ಸಿಕ್ಕಿತು. ಬೇರೆ ಕೆಲವು ಅಧ್ಯಯನಗಳಲ್ಲಿ ಹೈ ಡೆಫಿನಿಷನ್ ಇದ್ದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಬೆಳಕಿನ ಬಣ್ಣವನ್ನೇ ಬದಲಿಸುವ ಎನ್‌ಬಿಐನಂಥ ಗುಂಡಿಗಳೂ ಸ್ಕೋಪಿನಲ್ಲೇ ಬಂದಿವೆ. ಅಂದಾಜಿನ ಚೂರುಗಳನ್ನು ಪೂರಾ ಬಿಡುವ ಹಾಗೂ ಇಲ್ಲ. 2018ರಲ್ಲಿ ಬಂದ ಫ್ರಾನ್ಸಿನ ಅಧ್ಯಯನದಲ್ಲಿ 1000 ಜನರಿಗೆ ಬಣ್ಣ ಹಾಕಿ ನೋಡಿದರು, ಜೊತೆಗೆ ಅಂದಾಜಿನ ಚೂರುಗಳನ್ನೂ ತೆಗೆದರು. 94 ಜನರಲ್ಲಿ ಬದಲಾವಣೆ ಸಿಕ್ಕಿತು. ಅವರಲ್ಲಿ 12 ಜನರಿಗೆ ಅಂದಾಜಿನ ಚೂರಿನಲ್ಲಿ ಮಾತ್ರ. ಪಿಎಸ್‌ಸಿ ಇದ್ದವರು, ಹಿಂದೆ ಡಿಸ್‌ಪ್ಲೇಸಿಯಾ ಆದವರು, ಕರುಳು ಮಡಿಕೆಯಿಲ್ಲದೆ ಕೊಳವೆಯಂತೆ ಆದವರು, ಇಂಥವರಲ್ಲೇ ಅದು ಜಾಸ್ತಿ. ಆದ್ದರಿಂದ ಇವರಿಗೆ ಎರಡೂ ಮಾಡುವುದು ಒಳ್ಳೆಯದು.

ನನಗನಿಸುವುದು: ಜಿಲ್ಲೆಯಂಥ ಕಡೆ ಮೆಥಿಲೀನ್ ಬ್ಲೂ ಬಹಳ ಯೋಗ್ಯ ಔಷಧ. ಅಗ್ಗ, ಎಲ್ಲಾ ಕಡೆ ಸಿಗುತ್ತದೆ. ದುಬಾರಿಯಾದದ್ದು ಸಮಯ. ಬಣ್ಣ ಚಿಮ್ಮಿಸಿ, ಕಾದು, ಹೀರಿ, ಮಡಿಕೆ ಮಡಿಕೆ ಬಿಡಿಸಿ ನೋಡಬೇಕು. ಹೊರಗೆ ಇಪ್ಪತ್ತು ಜನ ಸಾಲಿನಲ್ಲಿ ಕೂತಿದ್ದರೆ ಯಾವ ಡಾಕ್ಟರಿಗೂ ಅಷ್ಟು ತಾಳ್ಮೆ ಇರುವುದಿಲ್ಲ. ಕೃತಕ ಬುದ್ಧಿಮತ್ತೆ ಈ ಕೆಲಸ ಮಾಡುತ್ತದೆ ಎಂಬ ಮಾತೂ ಕೇಳಿಬರುತ್ತಿದೆ. ಈಗ ಸಿಗುವ ಅಂಥ ಬಹುಪಾಲು ವ್ಯವಸ್ಥೆಗಳು ಕಲಿತದ್ದು ಮಾಮೂಲಿ ಪಾಲಿಪ್‌ನ ಚಿತ್ರಗಳಿಂದ. ಕೊಲೈಟಿಸ್‌ನ ಗಾಯದ ನೆಲದಲ್ಲಿ ಚಪ್ಪಟೆ ಕಲೆ ಹುಡುಕಲು ಅವನ್ನೇ ನಂಬಿ ಕೂರುವ ಕಾಲ ಇನ್ನೂ ಬಂದಿಲ್ಲ.

"ಇಷ್ಟೆಲ್ಲ ಯಾಕೆ, ಮಲ ಪರೀಕ್ಷೆ ಮಾಡಿಸಿದರೆ ಸಾಲದಾ?" ಸಾಲದು. ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಉರಿಯೂತ ಇದೆಯೋ ಇಲ್ಲವೋ ಹೇಳುತ್ತದೆ, ಡಿಸ್‌ಪ್ಲೇಸಿಯಾ ಬಗ್ಗೆ ಏನೂ ಹೇಳುವುದಿಲ್ಲ. ಮಲದಲ್ಲಿ ರಕ್ತ ಹುಡುಕುವ ಪರೀಕ್ಷೆ ಕೊಲೈಟಿಸ್ ಇದ್ದವರಲ್ಲಿ ಉರಿಯೂತದಿಂದಲೇ ಪಾಸಿಟಿವ್ ಬರಬಹುದು. ಸ್ಕ್ಯಾನಿಂಗು, ಸಿಇಎ ರಕ್ತಪರೀಕ್ಷೆ, ಯಾವುದೂ ಈ ಹಂತದ ಬದಲಾವಣೆ ಹಿಡಿಯುವುದಿಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ

ಬಣ್ಣ, ಕ್ಯಾಮೆರಾ ಎಲ್ಲ ಸರಿ, ಆದರೆ ಕರುಳು ಕ್ಲೀನಾಗಿಲ್ಲದಿದ್ದರೆ ಎಲ್ಲವೂ ದಂಡ. ಚಪ್ಪಟೆ ಕಲೆಯ ಮೇಲೆ ಒಂದು ತೆಳು ಪದರ ಮಲ ಕೂತಿದ್ದರೂ ಸಾಕು, ಕಾಣುವುದಿಲ್ಲ. ಉತ್ತರ ಕನ್ನಡದವರಿಗೆ ನಿಜವಾದ ಪರೀಕ್ಷೆ ಇಲ್ಲಿರುವುದು.

ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ಕುಮಟಾದಿಂದ ಮಣಿಪಾಲ ಸುಮಾರು 150. ಕಾರವಾರದವರು ಗೋವಾಕ್ಕೆ ಹೋದರೂ ಬಾಂಬೋಲಿಮ್‌ಗೆ ಹೆಚ್ಚುಕಮ್ಮಿ 100. ಕರುಳು ತೊಳೆಯುವ ಪುಡಿಯನ್ನು ಈಗ ಎರಡು ಭಾಗ ಮಾಡಿ ಕುಡಿಸುತ್ತಾರೆ: ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮುಂಚೆ. ಎಲ್ಲವನ್ನೂ ಹಿಂದಿನ ದಿನವೇ ಕುಡಿದು ಮುಗಿಸುವುದಕ್ಕಿಂತ ಇದರಲ್ಲಿ ಕರುಳು ಚೆನ್ನಾಗಿ ತೊಳೆಯುತ್ತದೆ. ಬೆಳಗ್ಗೆ ಹತ್ತಕ್ಕೆ ಪರೀಕ್ಷೆ ಅಂದರೆ ಎರಡನೇ ಭಾಗವನ್ನು ನಸುಕಿನ ನಾಲ್ಕು ಐದು ಗಂಟೆಗೆ ಕುಡಿಯಬೇಕು. ಕುಡಿದ ಮೇಲೆ ಎರಡು ಮೂರು ತಾಸು ಕಕ್ಕಸು ಬಿಟ್ಟು ಏಳುವ ಹಾಗಿಲ್ಲ. ಯಲ್ಲಾಪುರದ ರಸ್ತೆಯಲ್ಲೋ, ದೇವಿಮನೆ ಘಟ್ಟದಲ್ಲೋ ಬಸ್ಸಿನಲ್ಲಿ ಕೂತು ಇದನ್ನು ಮಾಡಲು ಆಗುತ್ತದಾ? ಆಗುವುದಿಲ್ಲ. ಅದಕ್ಕೇ ಜನ ಉಪಾಯ ಮಾಡುತ್ತಾರೆ: ಎರಡನೇ ಭಾಗ ಅರ್ಧಕ್ಕೇ ಬಿಡುತ್ತಾರೆ, ಅಥವಾ ಎಲ್ಲವನ್ನೂ ಹಿಂದಿನ ದಿನ ಮಧ್ಯಾಹ್ನವೇ ಮುಗಿಸಿ ಹೊರಡುತ್ತಾರೆ. ಮರುದಿನ ಸ್ಕೋಪ್ ಹಾಕಿದರೆ ಅರ್ಧ ಕರುಳು ಕೊಳೆ. ವರದಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಬರುತ್ತದೆ, ಕರುಳಿನ ತಯಾರಿ ಸಮರ್ಪಕವಾಗಿರಲಿಲ್ಲ ಎಂದು. ಕೆಳಗೆ ದಪ್ಪಕ್ಷರದಲ್ಲಿ, ಅನುಮಾನಾಸ್ಪದ ಏನೂ ಕಂಡಿಲ್ಲ ಎಂದು. ಮನೆಯವರು ಓದುವುದು ದಪ್ಪಕ್ಷರ.

ಹಿಂದಿನ ದಿನವೇ ಹೋಗಿ ಆಸ್ಪತ್ರೆಯ ಹತ್ತಿರ ರೂಮು ಮಾಡುವುದೊಂದೇ ಸರಿಯಾದ ದಾರಿ. ಇದಕ್ಕೆ ದುಡ್ಡು ಬೇಕು. ಮಂಪರು ಔಷಧಿ ಕೊಡುವುದರಿಂದ ಜೊತೆಗೊಬ್ಬರು ಬೇಕೇ ಬೇಕು, ಅವರದೂ ಎರಡು ದಿನದ ದುಡಿಮೆ ಹೋಯಿತು. ಕರಾವಳಿಯವರಿಗೆ ಕೊಂಕಣ ರೈಲ್ವೆ ಇದೆ, ರೈಲಿನಲ್ಲಿ ಕಕ್ಕಸಾದರೂ ಇದೆ. ಶಿರಸಿ, ಸಿದ್ದಾಪುರದವರಿಗೆ ಅದೂ ಇಲ್ಲ.

ಊಟದ ಸೂಚನೆಯೂ ಊರಿನ ಅಡುಗೆ ಬಲ್ಲವರು ಹೇಳಬೇಕು. ಚೀಟಿಯಲ್ಲಿ "ನಾರಿನಂಶ ಕಡಿಮೆ ಇರುವ ಆಹಾರ" ಎಂದು ಬರೆದರೆ ಕುಮಟಾದ ಅಜ್ಜಿಗೆ ಏನು ತಿಳಿಯಬೇಕು? ಎರಡು ಮೂರು ದಿನ ಮುಂಚಿನಿಂದ ಕುಚ್ಚಲಕ್ಕಿ ಬಿಟ್ಟು ಬಿಳಿ ಅಕ್ಕಿಯ ಅನ್ನ, ಸೊಪ್ಪು ಬೇಡ, ಬೀಜದ ಸೌತೆಕಾಯಿ ಬೇಡ, ಪೇರಲೆ ಬೇಡ ಎಂದು ಹೇಳಬೇಕು. ಹಿಂದಿನ ದಿನ ಸೋಸಿದ ಗಂಜಿ ತಿಳಿ, ಎಳನೀರು ನಡೆಯುತ್ತದೆ. ಮುರುಗಲು ಹಣ್ಣಿನ ಪಾನಕ ಮಾತ್ರ ಖಂಡಿತ ಬೇಡ. ಹೊಟ್ಟೆಗೆ ತಂಪು ಎಂದು ನಮ್ಮವರು ಮೊದಲು ಕೈಹಾಕುವುದು ಅದಕ್ಕೇ. ಆ ಕೆಂಪು ಕರುಳಿನ ಗೋಡೆಗೆ ಅಂಟಿದರೆ ಕ್ಯಾಮೆರಾದಲ್ಲಿ ರಕ್ತದ ಹಾಗೆ ಕಾಣುತ್ತದೆ.

ಇನ್ನೊಂದು ಷರತ್ತು ಕಾಯಿಲೆ ತಣ್ಣಗಿರುವುದು. ಉರಿಯೂತ ಕೆರಳಿದಾಗ ಮಾಡಿದರೆ ಕಲೆಯೂ ಕೆಂಪು, ಸುತ್ತಲೂ ಕೆಂಪು. ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೂ ಗೊಂದಲ. ಗಾಯ ಮಾಗುವಾಗ ಅವಸರದಲ್ಲಿ ಬೆಳೆಯುವ ಕೋಶಗಳು ಡಿಸ್‌ಪ್ಲೇಸಿಯಾದ ಕೋಶಗಳಂತೆಯೇ ಕಾಣುತ್ತವೆ. ಹಾಗಾಗಿ ಮೊದಲು ಔಷಧಿ ಕೊಟ್ಟು ತಣಿಸಿ ಆಮೇಲೆ ನೋಡುತ್ತಾರೆ. ಹಾಗೆಂದು ತಣಿಯದ ಕಾಯಿಲೆಗಾಗಿ ವರ್ಷಗಟ್ಟಲೆ ಮುಂದೂಡುವಂತೆಯೂ ಇಲ್ಲ.

ಚೂರು ಓದುವವರು

ಇಡೀ ಕೆಲಸದ ತೀರ್ಪು ಬರುವುದು ಪೆಥಾಲಜಿಸ್ಟ್ ಮೇಜಿನಿಂದ. 1983ರಲ್ಲಿ ರಿಡೆಲ್ ಮತ್ತಿತರರು ಹಾಕಿಕೊಟ್ಟ ವಿಂಗಡಣೆಯೇ ಇಂದಿಗೂ ಆಧಾರ: ಇಲ್ಲ, ಹೇಳಲಾಗದು, ಇದೆ. ಇದೆ ಅಂದರೆ ಅದರಲ್ಲಿ ಕೆಳದರ್ಜೆ ಅಥವಾ ಮೇಲ್ದರ್ಜೆ. ಮೇಲ್ದರ್ಜೆ ಕ್ಯಾನ್ಸರಿಗೆ ಹತ್ತಿರ. "ಹೇಳಲಾಗದು" ಎಂಬುದು ಪೆಥಾಲಜಿಸ್ಟ್ ಕೈಲಾಗದೆ ಬರೆದದ್ದಲ್ಲ. ಅನುಭವಸ್ಥರೇ ಒಂದೇ ಸ್ಲೈಡ್ ನೋಡಿ ಬೇರೆ ಬೇರೆ ಹೇಳುತ್ತಾರೆ, ಕೆಳದರ್ಜೆಯಲ್ಲಂತೂ ಜಾಸ್ತಿ. ಆದ್ದರಿಂದಲೇ ಡಿಸ್‌ಪ್ಲೇಸಿಯಾ ಎಂದು ಬಂದರೆ ಕರುಳಿನ ಸ್ಲೈಡ್‌ಗಳನ್ನೇ ಹೆಚ್ಚಾಗಿ ನೋಡುವ ಇನ್ನೊಬ್ಬ ಪೆಥಾಲಜಿಸ್ಟ್ ಒಪ್ಪಿದ ಮೇಲೆಯೇ ಮುಂದಿನ ತೀರ್ಮಾನ ಮಾಡಬೇಕು ಎಂಬುದು ನಿಯಮ. ಚೂರುಗಳನ್ನು ಮೇಣದ ತುಂಡಿನಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಕೇಳಿದರೆ ಬ್ಲಾಕ್ ಅಥವಾ ಸ್ಲೈಡ್ ಕೊಡುತ್ತಾರೆ, ಬೇರೆ ಊರಿಗೆ ಒಯ್ಯಬಹುದು. ರೋಗಿ ಮತ್ತೆ ಹೊಟ್ಟೆ ತೊಳೆದುಕೊಂಡು ಹೋಗಬೇಕಾಗಿಲ್ಲ, ಒಂದು ಚಿಕ್ಕ ಡಬ್ಬಿ ಹೋದರೆ ಸಾಕು.

ಸಿಕ್ಕರೆ ಮುಂದೇನು? ಹಿಂದೆ ಉತ್ತರ ಒಂದೇ ಇತ್ತು, ಇಡೀ ದೊಡ್ಡ ಕರುಳು ತೆಗೆಯುವುದು. ಈ ಹೆದರಿಕೆಯಿಂದಲೇ ಎಷ್ಟೋ ಜನ ಪರೀಕ್ಷೆಗೆ ಹೋಗುವುದಿಲ್ಲ. ಈಗ ಹಾಗಿಲ್ಲ. ಕಲೆಯ ಅಂಚು ಸ್ಪಷ್ಟವಾಗಿ ಕಂಡು, ಸ್ಕೋಪಿನಿಂದಲೇ ಪೂರ್ತಿ ಕೆತ್ತಿ ತೆಗೆಯಲು ಆದರೆ ಹಾಗೇ ತೆಗೆದು, ಹತ್ತಿರ ಹತ್ತಿರದ ದಿನಗಳಲ್ಲಿ ಮತ್ತೆ ನೋಡುತ್ತಾರೆ. ಕಣ್ಣಿಗೆ ಕಾಣದೆ ಅಂದಾಜಿನ ಚೂರಿನಲ್ಲಿ ಮೇಲ್ದರ್ಜೆ ಸಿಕ್ಕರೆ, ಹಲವು ಕಡೆ ಹರಡಿದ್ದರೆ, ತೆಗೆಯಲು ಆಗದಂತಿದ್ದರೆ ಆಪರೇಷನ್ನಿನ ಮಾತು ಬರುತ್ತದೆ. ಆಗಲೂ ಅನೇಕರಿಗೆ ಸಣ್ಣ ಕರುಳಿನಿಂದಲೇ ಒಳಗೆ ಚೀಲ ಮಾಡಿ ಕೂಡಿಸಬಹುದು. ಹೊಟ್ಟೆಯ ಮೇಲೆ ಚೀಲ ಎಲ್ಲರಿಗೂ ಜೀವನಪೂರ್ತಿ ಇರುವುದಿಲ್ಲ.

ಆರುನೂರು ಹೆಸರು

ಈಗ ಪಟ್ಟಿಯ ಮಾತಿಗೆ ಬರೋಣ. ಸರ್ಕಾರದ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮ 30 ದಾಟಿದವರಲ್ಲಿ ಬಾಯಿ, ಸ್ತನ, ಗರ್ಭಕೊರಳು ಈ ಮೂರನ್ನು ನೋಡುತ್ತದೆ. ಕರುಳು ಅದರಲ್ಲಿಲ್ಲ. ನಮ್ಮ ದೇಶದ ಲೆಕ್ಕಕ್ಕೆ ಅದು ತಪ್ಪೂ ಅಲ್ಲ. ಆದರೆ ಕೊಲೈಟಿಸ್ ರೋಗಿ ಹೀಗಾಗಿ ಸರ್ಕಾರದ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅವನ ಮೊದಲ ಕೊಲೊನೊಸ್ಕೋಪಿ ಹುಬ್ಬಳ್ಳಿಯಲ್ಲಿ, ಎರಡನೆಯದು ಮಗ ಕೆಲಸ ಮಾಡುವ ಬೆಂಗಳೂರಿನಲ್ಲಿ, ಔಷಧಿ ಮಣಿಪಾಲದ್ದು. ಮೂರು ಕಡೆಯೂ ಫೈಲಿದೆ. ಮುಂದಿನ ಪರೀಕ್ಷೆ ಯಾವ ವರ್ಷ ಎಂದು ನೋಡಿಕೊಳ್ಳುವವರು ಮೂರರಲ್ಲೂ ಇಲ್ಲ. ಕರೆಯುವುದು ಅವರ ಕೆಲಸವೂ ಅಲ್ಲ.

ಎಷ್ಟು ಜನ ಇರಬಹುದು? ಪಂಜಾಬಿನಲ್ಲಿ ಮನೆಮನೆಗೆ ಹೋಗಿ ಮಾಡಿದ, 2003ರಲ್ಲಿ ಪ್ರಕಟವಾದ ಸಮೀಕ್ಷೆ ಲಕ್ಷಕ್ಕೆ 44.3 ಎಂದು ಹೇಳಿತು. ಉತ್ತರ ಕನ್ನಡದ ಜನಸಂಖ್ಯೆ 2011ರ ಗಣತಿಯಲ್ಲಿ 14.37 ಲಕ್ಷ. ಪಂಜಾಬಿನ ದರ ಇಲ್ಲಿಗೆ ಹಾಗೇ ಹೊಂದಬೇಕೆಂದಿಲ್ಲ, ಬರೀ ಒಂದು ಅಳತೆಗೆ ಎಂದು ಗುಣಿಸಿದರೆ ಆರುನೂರ ಚಿಲ್ಲರೆ ಜನ. ಅವರಲ್ಲಿ ಗುದನಾಳಕ್ಕೇ ನಿಂತವರನ್ನು, ಎಂಟು ವರ್ಷ ಆಗದವರನ್ನು ಬಿಟ್ಟರೆ ಇನ್ನೂ ಕಡಿಮೆ. ಇದು ಒಬ್ಬ ನರ್ಸ್ ಒಂದು ದಪ್ಪ ರಿಜಿಸ್ಟರಿನಲ್ಲಿ ಇಡಬಹುದಾದ ಲೆಕ್ಕ. ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿ, ಶುಗರ್ ರೋಗಿಗಳ ಹೆಸರು ಬರೆದು ಕರೆಯುವ ಪದ್ಧತಿ ಈಗಾಗಲೇ ಇದೆ. ಅದೇ ಮೇಜಿನಲ್ಲಿ ಇನ್ನೊಂದು ಪುಸ್ತಕ ಇಡಲು ಬಜೆಟ್ಟಿನ ಘೋಷಣೆ ಕಾಯಬೇಕಾಗಿಲ್ಲ. ಪರೀಕ್ಷೆ ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಆಗಲಿ. ದಿನ ಬಂತು ಎಂದು ಫೋನ್ ಮಾಡುವುದು, ಕರುಳು ತೊಳೆಯುವ ಪುಡಿ ಕುಡಿಯುವ ಕ್ರಮವನ್ನು ಊರಿನ ಮಾತಿನಲ್ಲಿ ಹೇಳುವುದು, ಬಂದ ವರದಿಯ ಒಂದು ಪ್ರತಿ ಇಟ್ಟುಕೊಳ್ಳುವುದು, ಇಷ್ಟು ಇಲ್ಲೇ ಆಗಬಹುದು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬಂದರೂ ಈ ಪುಸ್ತಕ ಬೇಕೇ ಬೇಕು. ಪುಸ್ತಕವಿಲ್ಲದೆ ಹೊಸ ಎಂಡೋಸ್ಕೋಪಿ ಕೋಣೆ ತೆರೆದರೆ ಅಲ್ಲಿಗೆ ಬರುವುದು ಮತ್ತೆ ರಕ್ತ ಕಂಡವರೇ, ಅಲ್ವಾ?

ದಿನ ಗೊತ್ತು ಮಾಡುವಾಗಲೂ ಊರಿನ ಕ್ಯಾಲೆಂಡರ್ ನೋಡಬೇಕು. ಘಟ್ಟದ ಮೇಲೆ ಅಡಿಕೆ ಕೊಯ್ಲು ಶುರುವಾದರೆ ಚಳಿಗಾಲ ಮುಗಿಯುವವರೆಗೆ ಯಾರೂ ಎರಡು ದಿನ ಮನೆ ಬಿಡುವುದಿಲ್ಲ. ಯಾಂತ್ರಿಕ ಬೋಟಿನವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ರಜೆ, ಆಗ ಪುರುಸೊತ್ತು. ಆದರೆ ರಸ್ತೆ ಕೆಡುವುದೂ ಆಗಲೇ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು, ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಬೋಟಿನವರಿಗೆ ರೈಲು ಹೊಂದುತ್ತದೆ. ತೋಟದವರಿಗೆ ಕೊಯ್ಲಿನ ಕೆಲಸ ಮುಗಿದು ಮಳೆ ಹಿಡಿಯುವುದರೊಳಗಿನ ಏಪ್ರಿಲ್, ಮೇ ಸರಿ. ಒಂದೆರಡು ತಿಂಗಳು ಹಿಂದೆ ಮುಂದೆ ಆದರೆ ಈ ಪರೀಕ್ಷೆಗೆ ಏನೂ ಆಗುವುದಿಲ್ಲ, ವರ್ಷಗಳು ಜಾರಬಾರದು ಅಷ್ಟೇ. ಪುಸ್ತಕ ಬರುವ ತನಕ ರೋಗಿಗಳೇ ಮಾಡಿಕೊಳ್ಳಬಹುದಾದದ್ದು ಒಂದಿದೆ. ಕೊಲೊನೊಸ್ಕೋಪಿ ವರದಿ ಕೈಗೆ ಬಂದಾಗ ಮೂರು ವಿಷಯ ಇದೆಯೇ ನೋಡಿ: ಕಾಯಿಲೆ ಎಲ್ಲಿಯವರೆಗೆ ಹಬ್ಬಿದೆ, ಕರುಳು ಎಷ್ಟು ಕ್ಲೀನಾಗಿತ್ತು, ಮುಂದಿನದು ಯಾವ ವರ್ಷ. ಮೂರನೆಯದು ಬಹಳಷ್ಟು ಸಲ ಇರುವುದಿಲ್ಲ. ಕೋಣೆಯಿಂದ ಹೊರಡುವ ಮುಂಚೆ ಪೆನ್ನಿನಲ್ಲಾದರೂ ಬರೆಸಿಕೊಳ್ಳಿ.